ಯಾರ ಓಟಕ್ಕೆ ರೇಡಿಯೇಟರ್

ಬೇರೆಯವರ ಬಾಗಿಲಲ್ಲಿ ಹೂವಿನ ಕುಂಡ ಇರುತ್ತದೆ, ನಮ್ಮ ಬಾಗಿಲಲ್ಲಿ ಎಂಜಿನ್ ಇತ್ತು. ಹಳೆಯ ಟೈರಿನ ಮೇಲೆ ಕೂರಿಸಿ, ನೀಲಿ ಟಾರ್ಪಾಲು ಹೊದಿಸಿದ ಎಂಜಿನ್. ಇವರು, ಅಂದರೆ ನನ್ನ ಗಂಡ, ಗುಜರಿಗೆ ಹೋದ ಒಂದು ವ್ಯಾನಿನಿಂದ ಅದನ್ನು ಬಿಚ್ಚಿಸಿ ತಂದಿದ್ದರು. ಮಾವನ ಹಳೇ ಪಿಕಪ್ಪಿಗೆ ಕೂರಿಸಬೇಕು ಅಂತ. ತಂದ ಮುಂದಿನ ವಾರ ಜ್ವರ ಅಂತ ಮಲಗಿದರು. ಆಸ್ಪತ್ರೆಗೆ ನಡೆದುಕೊಂಡೇ ಹೋದರು, ವಾಪಸ್ಸು ನಡೆದು ಬರಲಿಲ್ಲ. ಆಮೇಲೆ ಎಂಜಿನ್ ಅಲ್ಲೇ ಉಳಿಯಿತು. ಅತ್ತೆ ಅದರ ಮೇಲೆ ಮಸಿಬಟ್ಟೆ ಒಣಗಹಾಕುತ್ತಿದ್ದರು. ನಾನು ತರಕಾರಿ ಚೀಲವನ್ನು ಅದರ ಮೇಲಿಟ್ಟು ಚಪ್ಪಲಿ ಬಿಡುತ್ತಿದ್ದೆ.

ನಮ್ಮದು ಗಾಜಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಕಿಟಕಿ ಗಾಜು, ಕನ್ನಡಿ, ಷೋಕೇಸಿನ ಗಾಜು ಅಳತೆಗೆ ಕತ್ತರಿಸಿ ಕೊಡುತ್ತೇವೆ. ಕತ್ತರಿಸುವುದು ಮಾವ ಮತ್ತು ನಾನು, ಸಾಗಿಸುವುದು ಇವರು. ಗಾಡಿ ಮಾವನ ಪ್ರಾಯದ ಕಾಲದ್ದು. ದುಂಡು ದೀಪ, ಉದ್ದ ಮೂತಿ, ಹಿಂದೆ ಗಾಜು ಒರಗಿಸಲು ಮರದ ಚೌಕಟ್ಟು. ಮನೆಯಲ್ಲಿ ಅದಕ್ಕೆ ಮುದುಕಿ ಅಂತಲೇ ಹೆಸರು. "ಮುದುಕಿಗೆ ನೀರು ಕುಡಿಸಿದ್ರಾ?" ಎಂದು ಇವರು ದಿನಾ ಬೆಳಿಗ್ಗೆ ಕೂಗುವುದು, "ಯಾವ ಮುದುಕಿಗೋ?" ಎಂದು ಅತ್ತೆ ಒಳಗಿಂದ ಕೇಳುವುದು. ಎಂಜಿನ್ನಿನ ಕಾವು ತಣಿಸುವ ರೇಡಿಯೇಟರ್ ಸೋರುತ್ತಿತ್ತು, ಅದಕ್ಕೆ ದಿನಾ ಒಂದು ಕ್ಯಾನು ನೀರು ಬೇಕಿತ್ತು. ಅದನ್ನು ತುಂಬಿ ಬಾಗಿಲ ಹತ್ತಿರ ಇಡುವುದು ಅತ್ತೆಯ ಕೆಲಸ. ಇವರು ಹೋದ ಮೇಲೂ, ಹಳೇ ಎಂಜಿನ್ ಕೈಕೊಟ್ಟು ಗಾಡಿ ಕದಲದೆ ನಿಂತ ಮೇಲೂ, ಅತ್ತೆ ಕ್ಯಾನು ತುಂಬಿಡುತ್ತಲೇ ಇದ್ದರು. ಮಾರನೇ ಬೆಳಿಗ್ಗೆ ಚೆಲ್ಲಿ ಮತ್ತೆ ತುಂಬುತ್ತಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಆಗ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಇವರ ಓಟ ಅಂದರೆ ಓಟ. ಹಿಂದೆ ಆಳುದ್ದದ ಕನ್ನಡಿ ಇದ್ದರೂ ಜೋರು. ಅದೇನು ಕೈಯೋ, ಒಂದೂ ಒಡೆದಿಲ್ಲ. ಮಾವ ಅದಕ್ಕೆ ಪೂರಾ ಉಲ್ಟಾ. ಅವರ ಕಾಲದಲ್ಲಿ ಸೈಕಲ್ಲಿನವರು ಅವರನ್ನು ಹಿಂದೆ ಹಾಕಿ, ಮುಂದೆ ಹೋಗಿ ಟೀ ಕುಡಿದು, ಮತ್ತೆ ಸೈಕಲ್ ಹತ್ತಿ ಇನ್ನೊಂದು ಸಲ ಹಿಂದೆ ಹಾಕುತ್ತಿದ್ದರಂತೆ. ನನಗೆ ಗಾಡಿ ಕಲಿಸಿದ್ದು ಇವರೇ, ಲೈಸೆನ್ಸ್ ಮಾಡಿಸಿದ್ದೂ ಇವರೇ. ಆದರೆ ನನ್ನ ಕಾಲು ಮಾವನ ಕಾಲು. "ನೀನು ನನ್ನ ಹೆಂಡ್ತಿಯೋ, ನಮ್ಮಪ್ಪನ ಮಗಳೋ?" ಎಂದು ಪಕ್ಕದಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಿದ್ದರು.

ಈಗ ಮಾವನಿಗೆ ಎರಡೂ ಕಣ್ಣಿಗೆ ಪೊರೆ. ಗಾಜಿನ ಅಂಚು ಬೆರಳಲ್ಲಿ ತಡವಿ ನೋಡುತ್ತಾರೆ, ರಸ್ತೆ ತಡವಿ ನೋಡಲಾಗುವುದಿಲ್ಲವಲ್ಲ. ಹಾಗಾಗಿ ಬಾಡಿಗೆ ಟೆಂಪೊ ಕರೆಸುತ್ತಿದ್ದೆವು. ಅದರ ಡ್ರೈವರ್ ಮಹಾನುಭಾವ ಗಾಜನ್ನು ಹಾಸಿಗೆಯ ಹಾಗೆ ಮಲಗಿಸಿಕೊಂಡು ಹೋಗಿ ಒಡೆದು ತರುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ನೋಡಿಕೊಂಡರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಬೇಳೆ ಬಾಯಿಗಿಟ್ಟು ನೋಡಿದೆ, ಉಪ್ಪಿಲ್ಲ. ನೆನಪು ಮಾಡಿಕೊಂಡರೆ ಹಿಂದಿನ ದಿನವೂ ಇರಲಿಲ್ಲ. ಮಾವ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅತ್ತೆ ಇನ್ನೊಂದು ಸೌಟು ಬಡಿಸಿದರು. ಎದ್ದು ಉಪ್ಪಿನ ಡಬ್ಬಿ ತರಬೇಕು ಅನಿಸಿತು, ಏಳಲಿಲ್ಲ. ಹಾಗೇ ಉಂಡೆ.

ಆಗ ಮಾವ ತಟ್ಟೆ ನೋಡುತ್ತಲೇ ಅಂದರು, "ಆ ಎಂಜಿನ್ ಕೂರಿಸ್ತೀನಿ."

ಅತ್ತೆ ಸೌಟು ಕೆಳಗಿಟ್ಟರು. "ಯಾರಿಗೆ?"

"ಯಾರಿಗೆ ಅಂದ್ರೆ? ಗಾಡಿಗೆ."

"ಗಾಡಿ ಯಾರಿಗೆ ಅಂತ ಕೇಳಿದೆ."

"ಅವನು ಕೂರಿಸಬೇಕು ಅಂತಿದ್ದ. ಕೂರಿಸ್ತೀನಿ. ಅಷ್ಟೇ."

ಅತ್ತೆ ಎದ್ದು ಪಾತ್ರೆ ಎತ್ತಿದರು. ಕೈ ತೊಳೆಯುವಾಗ ನನಗೆ ಒಂದು ಯೋಚನೆ ಬಂತು: ಗಾಡಿ ಓಡಿದರೆ ನಾನು ಓಡಿಸಬಹುದು. ನಾನು ಓಡಿಸಿದರೆ ಅಂಗಡಿ ಉಳಿಯುತ್ತದೆ. ಅಂಗಡಿ ಉಳಿದರೆ ಈ ಮನೆಯಲ್ಲಿ ನನಗೊಂದು ಕೆಲಸ ಇರುತ್ತದೆ. ಮಕ್ಕಳಿಲ್ಲ, ಗಂಡನಿಲ್ಲ. ಕೆಲಸವೂ ಇಲ್ಲದಿದ್ದರೆ ನಾನು ಇಲ್ಲಿ ಏನು, ಆ ಎಂಜಿನ್ನಿನ ಹಾಗೆ ಬಾಗಿಲಲ್ಲಿ ಕೂತಿರುವುದಾ?

ಆ ವಾರವೇ ನನ್ನ ಅಣ್ಣ ಫೋನ್ ಮಾಡಿದ. ಅವನದು ಔಷಧಿ ಅಂಗಡಿ, ಮಾತೂ ಚೀಟಿ ಓದಿದ ಹಾಗೆ.

"ಮೇಲಿನ ರೂಮು ಖಾಲಿ ಮಾಡ್ಸಿದೀನಿ. ತಿಂಗಳ ಕೊನೇ ಭಾನುವಾರ ಬರ್ತೀನಿ, ಬಟ್ಟೆ ಕಟ್ಕೊಂಡಿರು."

"ಇಲ್ಲಿ ಇವರಿಬ್ರೇ ಆಗ್ತಾರಲ್ಲೋ."

"ಅವರು ಇರು ಅಂದ್ರಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಅಂದ್ರೋ ಇಲ್ವೋ ಹೇಳು."

"ಇಲ್ಲ."

"ಮತ್ತೆ?"

ಅತ್ತೆಗೆ ವಿಷಯ ಹೇಳಿದೆ. ಈರುಳ್ಳಿ ಹೆಚ್ಚುತ್ತಿದ್ದರು. "ನಿನ್ನಿಷ್ಟ ಕಣಮ್ಮ" ಅಂದರು. ನನಗೆ ಏನಾದರೂ ಆಗಬೇಕಿತ್ತು. ಸಿಟ್ಟೋ, ದುಃಖವೋ. ಏನೂ ಆಗಲಿಲ್ಲ. ಹೆಚ್ಚಿದ ಈರುಳ್ಳಿ ಬಾಣಲೆಗೆ ಹಾಕಿದೆ.

ಮೆಕ್ಯಾನಿಕ್ ಬಂದ. ಇವರ ಸ್ನೇಹಿತ. ಎಲ್ಲರೂ ಕರೆಯುವುದು ಸ್ಪ್ಯಾನರ್ ಅಂತ. ನಮ್ಮ ಮದುವೆಗೆ ಇಸ್ತ್ರಿ ಮಾಡಿದ ಪ್ಯಾಂಟಿನ ಜೇಬಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಬಂದಿದ್ದ ಗಿರಾಕಿ ಅವನು. ಕಪ್ಪಿ ಕಟ್ಟಿ ಹಳೇ ಎಂಜಿನ್ ಎತ್ತಿದ, ಹೊಸದನ್ನು ಇಳಿಸಿದ. ಅದು ಕೂರಲು ಗಾಡಿಯ ಚೌಕಟ್ಟಿಗೆ ಹೊಸ ಆಧಾರ ಬೆಸೆದ. ಬಾಗಿಲ ಎಡಗಡೆ ಟೈರು ಮಾತ್ರ ಉಳಿಯಿತು, ಮಸಿಬಟ್ಟೆ ಎಲ್ಲಿ ಹಾಕಬೇಕು ಅಂತ ಅತ್ತೆಗೆ ಎರಡು ದಿನ ತಿಳಿಯಲಿಲ್ಲ.

ಎಲ್ಲ ಕೂತಿತು, ಸಿಕ್ಕಿಕೊಂಡಿದ್ದು ರೇಡಿಯೇಟರ್ ವಿಷಯದಲ್ಲಿ. ಹಳೆಯದು ಸಣ್ಣ ಎಂಜಿನ್ನಿನದು, ಈ ದಾಂಡಿಗನ ಕಾವು ಅದಕ್ಕೆ ತಡೆಯದು. ಸ್ಪ್ಯಾನರ್ ಎರಡು ತಂದು ಅಂಗಡಿಯ ಕಟ್ಟೆಯ ಮೇಲಿಟ್ಟ. ಒಂದು ಅಲ್ಯುಮಿನಿಯಂದು, ತೆಳ್ಳಗೆ, ಹೊಸ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ತಾಮ್ರದ್ದು, ದಿಂಬಿನಷ್ಟು ದಪ್ಪ. ನಾನು ಪಕ್ಕದಲ್ಲೇ ಬಾತ್‌ರೂಮಿನ ಕನ್ನಡಿಯೊಂದನ್ನು ಕತ್ತರಿಸುತ್ತಿದ್ದೆ.

"ನೋಡಿ ಯಜಮಾನ್ರೇ," ಅಂದ ಸ್ಪ್ಯಾನರ್. "ಈ ತೆಳ್ಳಗಿಂದು ಏನೂ ಕೊಯ್ಯದೆ ಕೂತ್ಕೊಳತ್ತೆ. ಹಿಂದೆ ಕರೆಂಟ್ ಫ್ಯಾನಿಗೂ ಜಾಗ ಇರತ್ತೆ. ಆದ್ರೆ ಫ್ಯಾನಿನ ಗಾಳಿ ಒಂದೇ ಇದಕ್ಕೆ ಸಾಲಲ್ಲ, ಎದುರುಗಾಳಿ ಬೇಕು. ಗಾಡಿ ಜೋರಾಗಿ ಓಡ್ತಿದ್ರೆ ತಣ್ಣಗಿರತ್ತೆ, ಭಾರ ಹೊತ್ಕೊಂಡು ಆಮೆ ಥರ ಹೋದ್ರೆ ಕುದಿಯತ್ತೆ."

"ಆ ದಪ್ಪದ್ದು?"

"ಅದು ನಿಂತಲ್ಲೇ ನಿಂತ್ರೂ ಕುದಿಯಲ್ಲ. ಆದ್ರೆ ಫ್ಯಾನಿಗೆ ಜಾಗ ಸಾಲಲ್ಲ. ಮುಂದಿನ ತಗಡು ಕೊಯ್ದು ರೇಡಿಯೇಟರನ್ನ ಮುಂದಕ್ಕೆ ತಳ್ಬೇಕು. ಯಾರು ಓಡಿಸ್ತಾರೆ ಅದನ್ನ ಹೇಳಿ, ಯಾವ್ದು ಅಂತ ನಾನು ಹೇಳ್ತೀನಿ."

ನನ್ನ ಕೈಯ ಕಟರ್ ಕನ್ನಡಿಯ ಮೇಲೆ ನಿಂತಿತು. ಗಾಜು ಕತ್ತರಿಸುವಾಗ ನಡುವೆ ನಿಲ್ಲಿಸಬಾರದು, ಗೆರೆ ಕೆಡುತ್ತದೆ. ನಿಲ್ಲಿಸಿದೆ.

ಮಾವ ತೆಳ್ಳಗಿನದರ ಮೇಲೆ ಕೈಯಾಡಿಸಿದರು. "ಇದನ್ನೇ ಹಾಕು. ಅವನು ಜೋರಾಗೇ ಓಡಿಸೋದು. ಮುದುಕಿ ಮೂತಿಗೆ ಗೀರು ಕೂಡ ಬೀಳಬಾರದು ಅಂತಾನೂ ಹೇಳಿದಾನೆ."

ಸ್ಪ್ಯಾನರ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನು ದಪ್ಪದ್ದನ್ನು ಗೋಣಿಚೀಲದಲ್ಲಿ ಸುತ್ತಿ, "ಇದು ಇಲ್ಲೇ ಇರ್ಲಿ ಅಕ್ಕ, ಆಮೇಲೆ ತಗೊಂಡು ಹೋಗ್ತೀನಿ" ಎಂದು ಮೂಲೆಗಿಟ್ಟ. ನಾನು ಮುರಿಯಲು ಹೋದರೆ ಕನ್ನಡಿ ಗೆರೆ ಬಿಟ್ಟು ಅಡ್ಡಡ್ಡ ಒಡೆಯಿತು. ಮಾವ ಸದ್ದು ಕೇಳಿಯೂ ತಿರುಗಲಿಲ್ಲ.

ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದೆ, "ಮಾವ ಇವರ ಓಟಕ್ಕೆ ರೇಡಿಯೇಟರ್ ಆರಿಸಿದ್ರು."

"ಹಾಕ್ಕೊಳ್ಳಲಿ ಬಿಡು."

"ಓಡ್ಸೋರು ಯಾರು ಅತ್ತೆ?"

"ನನ್ನನ್ನ ಯಾಕೆ ಕೇಳ್ತೀಯ? ನನಗೇನು ಗಾಡಿ ಬರತ್ತಾ?"

"ನನಗೆ ಬರತ್ತೆ."

ಅತ್ತೆ ಒಲೆಯ ಉರಿ ಸಣ್ಣ ಮಾಡಿದರು, ದೊಡ್ಡ ಮಾಡಿದರು, ಮತ್ತೆ ಸಣ್ಣ ಮಾಡಿದರು. "ನೀನು ಭಾನುವಾರ ಹೋಗ್ತೀಯಲ್ಲ" ಅಂದರು.

ಹೋಗಬೇಡ ಅಂತಲೂ ಅಲ್ಲ, ಹೋಗು ಅಂತಲೂ ಅಲ್ಲ. ನಾನು ಮೊಟ್ಟೆ ಬೇಯಲು ಇಟ್ಟೆ.

ಸ್ಪ್ಯಾನರ್ ಊರಾಚೆಯ ಖಾಲಿ ರಸ್ತೆಯಲ್ಲಿ ಗಾಡಿ ಜೋರಾಗಿ ಓಡಿಸಿ ಪರೀಕ್ಷೆ ಮಾಡಿದ. ಕಾವು ತೋರಿಸುವ ಮುಳ್ಳು ಮೇಲೇಳಲೇ ಇಲ್ಲ. ಮಾವನ ಮುಖದಲ್ಲಿ ಏನೋ ಒಂದು ಸಮಾಧಾನ ಕಂಡಿತು. ಅಷ್ಟರಲ್ಲಿ ಕ್ಷೌರದ ಅಂಗಡಿಯವನ ದೊಡ್ಡ ಕನ್ನಡಿ ತಯಾರಾಗಿತ್ತು. ಟೆಂಪೊದವನನ್ನು ಕರೆದರೆ ಕೈಗೆ ಕನ್ನಡಿ ಅಲ್ಲ, ಚೂರು ಬರುತ್ತಿತ್ತು. ನಾನು ಗೋಡೆಯ ಮೊಳೆಯಿಂದ ಗಾಡಿಯ ಬೀಗದಕೈ ತೆಗೆದುಕೊಂಡೆ. ಮಾವ ಬೇಡ ಅನ್ನಲಿಲ್ಲ, ಬಂದು ಪಕ್ಕದಲ್ಲಿ ಕೂತರು. ಅತ್ತೆ ನೀರಿನ ಕ್ಯಾನು ತಂದು ಕಾಲ ಬಳಿ ಇಟ್ಟರು. "ಹೊಸ ರೇಡಿಯೇಟರ್ ಕಣೇ, ದಿನಾ ನೀರು ಬೇಡ" ಅಂದರು ಮಾವ. "ಇರ್ಲಿ" ಅಂದರು ಅತ್ತೆ.

ಮಾರ್ಕೆಟ್ ರಸ್ತೆ. ಮುಂದೆ ಕೈಗಾಡಿ, ಪಕ್ಕದಲ್ಲಿ ಶಾಲೆ ಬಿಟ್ಟ ಮಕ್ಕಳು, ಹಿಂದೆ ಆಳೆತ್ತರದ ಕನ್ನಡಿ. ನನ್ನ ಕಾಲು ಮೆಲ್ಲಗೇ ಒತ್ತುತ್ತಿತ್ತು. ಹೊಸ ಎಂಜಿನ್ನಿಗೆ ನಡೆಯುವುದೇ ಇಷ್ಟವಿಲ್ಲ, ಗುರುಗುಟ್ಟುತ್ತಿತ್ತು. ಮುಳ್ಳು ಏರಿತು. ಇನ್ನೂ ಏರಿತು.

"ಜೋರಾಗಿ ಬಿಡು," ಅಂದರು ಮಾವ. "ಗಾಳಿ ಹೊಡೆದ್ರೆ ತಣ್ಣಗಾಗತ್ತೆ."

"ಎಲ್ಲಿ ಬಿಡ್ಲಿ ಮಾವ, ಮಕ್ಕಳ ಮೇಲಾ?"

"ಅವನು ಬಿಡ್ತಾನೆ. ಇದೇ ರಸ್ತೇಲಿ ಬಿಡ್ತಾನೆ."

ಅವರೆಲ್ಲಿದ್ದಾರೆ ಬಿಡೋಕೆ ಅನ್ನುವ ಮಾತು ನಾಲಿಗೆ ತುದಿಗೆ ಬಂತು. ನುಂಗಿದೆ. ಅಷ್ಟರಲ್ಲಿ ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ. "ಮುಚ್ಚಳ ಮುಟ್ಟಬೇಡ, ಸುಟ್ಟುಹೋಗ್ತೀಯ!" ಎಂದು ಮಾವ ಕಿರುಚಿದರು. ಎಷ್ಟೋ ತಿಂಗಳಿಂದ ಆ ಗಂಟಲಿಂದ ಅಷ್ಟು ದೊಡ್ಡ ದನಿ ಹೊರಟಿರಲಿಲ್ಲ. ಕಾವು ಇಳಿಯುವ ತನಕ ಇಬ್ಬರೂ ಕಟ್ಟೆಯ ಮೇಲೆ ಕೂತೆವು. ದಾರಿಹೋಕನೊಬ್ಬ ನಿಂತು, ನಮ್ಮ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಜೇಬಿನಿಂದ ಬಾಚಣಿಗೆ ತೆಗೆದು ಸಾವಕಾಶವಾಗಿ ಬೈತಲೆ ತೆಗೆದ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಕೊನೆಗೆ ಅತ್ತೆಯ ಕ್ಯಾನಿನ ನೀರನ್ನೇ ಹುಯ್ದು, ಕನ್ನಡಿ ತಲುಪಿಸಿ ಬಂದೆವು. ದಾರಿಯಲ್ಲಿ ಇನ್ನೊಂದು ಸಲ ಕುದಿಯಿತು.

ಸಂಜೆ ಸ್ಪ್ಯಾನರ್ ಬಂದು ನೋಡಿದ. ಮಾವನ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ, "ರೇಡಿಯೇಟರ್ ತಪ್ಪಿಲ್ಲ ಯಜಮಾನ್ರೇ. ಇದು ನಿಮ್ಮ ಮಗನ ಓಟಕ್ಕೆ ಸರಿ. ಅಕ್ಕ ಓಡಿಸೋದಾದ್ರೆ ದಪ್ಪದ್ದು. ಎರಡಕ್ಕೂ ಆಗೋದು ನನ್ನ ಹತ್ರ ಇಲ್ಲ. ಎಲ್ಲೂ ಇಲ್ಲ."

"ತಗಡು ಕೊಯ್ಯಬೇಡ ಅಂದಿದಾನೆ ಅವನು."

"ಗೊತ್ತು. ನನಗೂ ಹೇಳಿದ್ದ."

"ಮತ್ತೆ?"

ಸ್ಪ್ಯಾನರ್ ಎದ್ದು ಕೈ ಒರೆಸಿಕೊಂಡು ಹೋದ. ಅವನ ಕಣ್ಣು ಕೆಂಪಾಗಿತ್ತು.

ಆ ವಾರ ಗಾಡಿ ನಿಂತೇ ಇತ್ತು. ನಾನು ಬಟ್ಟೆ ಮಡಿಸಲು ಶುರು ಮಾಡಿದೆ. ಇವರ ಎರಡು ಅಂಗಿ ಇಟ್ಟುಕೊಂಡೆ, ಉಳಿದವನ್ನು ಬೀರುವಿನಲ್ಲೇ ಬಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಆ ಉಲನ್ ಶಾಲೂ ಇಟ್ಕೋ, ಅಲ್ಲಿ ಚಳಿ ಇರತ್ತೆ" ಅಂದು ಹೋದರು. ಮಾವ ಊಟಕ್ಕೆ ಕೂತರೂ ಎರಡು ತುತ್ತಿಗೆ ಏಳುತ್ತಿದ್ದರು. "ಯಾಕ್ರೀ, ಚೆನ್ನಾಗಿಲ್ವಾ?" ಎಂದು ಅತ್ತೆ ಕೇಳಿದರೆ "ಇದೆ" ಅನ್ನುತ್ತಿದ್ದರು. ಉಪ್ಪು ಇತ್ತೋ ಇಲ್ಲವೋ ದೇವರಿಗೇ ಗೊತ್ತು.

ಕೊನೇ ಭಾನುವಾರ ಬೆಳಿಗ್ಗೆ ನಾನು ಟೀ ಸೋಸುತ್ತಿದ್ದೆ. ಹೊರಗಿಂದ ಕರ್ಕಶ ಸದ್ದು, ತಗಡಿಗೆ ಹಲ್ಲು ಹಾಕಿದ ಹಾಗೆ. ಓಡಿ ಹೋಗಿ ನೋಡಿದರೆ ಮಾವ ಗಾಡಿಯ ಮೂತಿಯ ಮುಂದೆ ಮೊಣಕಾಲೂರಿ ಕೂತಿದ್ದಾರೆ. ತೆಳ್ಳಗಿನ ರೇಡಿಯೇಟರ್ ಬಿಚ್ಚಿ ನೆಲಕ್ಕಿಟ್ಟಿದೆ, ದಪ್ಪದ್ದು ಗೋಣಿಚೀಲದಿಂದ ಆಚೆ ಬಂದಿದೆ. ಕೈಯಲ್ಲಿ ಸ್ಪ್ಯಾನರನ ಕಟಿಂಗ್ ಮಷೀನು. ಸ್ಪ್ಯಾನರ್ ಪಕ್ಕದಲ್ಲಿ ನಿಂತು, "ನನಗೆ ಕೊಡಿ ಯಜಮಾನ್ರೇ, ನಿಮಗೆ ಕಣ್ಣು ಕಾಣಲ್ಲ" ಎನ್ನುತ್ತಿದ್ದ. ಮಾವ ಸೀಮೆಸುಣ್ಣದ ಗೆರೆಯನ್ನು ಬೆರಳಲ್ಲಿ ತಡವುತ್ತಿದ್ದರು, ಗಾಜಿನ ಅಂಚು ತಡವಿದ ಹಾಗೆ.

ಅದೇ ಹೊತ್ತಿಗೆ ಅಣ್ಣನ ಕಾರು ಬಂತು. ಇಳಿದವನೇ ಎಲ್ಲರನ್ನೂ ನೋಡಿ, ನನ್ನ ಕಡೆ ತಿರುಗಿ, "ರೆಡೀನಾ? ಚೀಲ ಎಲ್ಲಿ?" ಅಂದ.

ಮಾವ ತಿರುಗಲಿಲ್ಲ. "ಅವಳು ಬರಲ್ಲಪ್ಪ" ಅಂದರು. "ಅವಳ ಓಟಕ್ಕೆ ಅಂತ ಗಾಡಿ ಕೊಯ್ತಾ ಇದೀನಿ."

ಅಣ್ಣ ಬೆಪ್ಪಾಗಿ ನಿಂತ. ಅತ್ತೆ ಹೊಸ್ತಿಲಿಗೆ ಬಂದವರು ಅಲ್ಲೇ ನಿಂತರು. ನನಗೆ ಖುಷಿಯಾಗಬೇಕಿತ್ತು. ಆಗಿದ್ದು ಸಿಟ್ಟು. ಅಂಗಾಲಿಂದ ನೆತ್ತಿಗೆ ಏರಿದ ಸಿಟ್ಟು. ಇಷ್ಟು ತಿಂಗಳು ಎಲ್ಲಿ ಸತ್ತುಬಿದ್ದಿತ್ತೋ, ಒಂದೇ ಸಲ ಎದ್ದು ಬಂತು.

"ನನ್ನ ಯಾರು ಕೇಳಿದ್ರಿ?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಇವನು ಬಟ್ಟೆ ಕಟ್ಕೋ ಅಂತಾನೆ. ನೀವು ಬರಲ್ಲ ಅಂತೀರ. ಅತ್ತೆ ಶಾಲು ಇಟ್ಕೋ ಅಂತಾರೆ. ಇರ್ತೀಯೇನೇ ಅಂತ ಒಂದು ಮಾತು ಈ ಮನೇಲಿ ಯಾರ ಬಾಯಿಂದಾದ್ರೂ ಬಂತಾ? ನಾನೇನು ಗೋಡೆಗೆ ಒರಗಿಸಿಟ್ಟ ಗಾಜಾ, ಎತ್ತಿ ಅಲ್ಲಿಡೋಕೆ ಇಲ್ಲಿಡೋಕೆ?"

ಮಾವ ಮಷೀನು ಆರಿಸಿದರು. ಮೆಲ್ಲಗೆ ತಿರುಗಿದರು. ಪೊರೆ ಬಂದ ಕಣ್ಣಲ್ಲಿ ನಾನು ಎಲ್ಲಿದ್ದೇನೆ ಅಂತ ಹುಡುಕಿದರು.

"ಇರ್ತೀಯೇನಮ್ಮ?" ಅಂದರು.

ಅಷ್ಟು ಕೇಳಬೇಕು ಅಂತ ಕೂಗಾಡಿದವಳು ನಾನೇ. "ಇರ್ತೀನಿ" ಅಂದೆ. "ಆದ್ರೆ ನಾನು ನಿಧಾನಕ್ಕೇ ಓಡ್ಸೋದು."

"ಗೊತ್ತು ಕಣಮ್ಮ. ಅದಕ್ಕೇ ಇದು." ದಪ್ಪ ರೇಡಿಯೇಟರನ್ನು ತಟ್ಟಿದರು.

ಅಣ್ಣ ಏನೋ ಹೇಳಲು ಬಾಯಿ ತೆರೆದ. ಅತ್ತೆ, "ನೀನು ಊಟ ಮಾಡ್ಕೊಂಡು ಹೋಗಪ್ಪ" ಅಂದರು. ಅವನು ಬಾಯಿ ಮುಚ್ಚಿಕೊಂಡ.

ಮಾವ ಮತ್ತೆ ಮೂತಿಯ ಕಡೆ ತಿರುಗಿದರು. ಮಷೀನು ಎತ್ತಿದರು, ಇಳಿಸಿದರು. ನನಗೆ ತಡೆಯಲಾಗಲಿಲ್ಲ.

"ಇವರು ಇದ್ದಿದ್ರೆ ಕೊಯ್ಯೋಕೆ ಬಿಡ್ತಿರ್ಲಿಲ್ಲ ಮಾವ."

"ಇಲ್ವಲ್ಲಮ್ಮ" ಅಂದರು ಮಾವ.

ಇವರು ಸತ್ತ ದಿನದಿಂದ ಆ ಮನೆಯಲ್ಲಿ ಯಾರೂ ಹೇಳಿರದ ಮಾತು ಅದು. ಹೇಳಿ ತಾವೇ ಬೆಚ್ಚಿದ ಹಾಗೆ ಗಾಡಿಯ ಮೂತಿಯ ಮೇಲೆ ಕೈಯಿಟ್ಟರು. ಆಮೇಲೆ ಇನ್ನೊಮ್ಮೆ, ಗಾಡಿಗೆ ಹೇಳಿದ ಹಾಗೆ, "ಅವನಿಲ್ಲ" ಅಂದರು.

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತು ಅಳಲು ಶುರು ಮಾಡಿದರು. ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಬೀದಿಗೆಲ್ಲ ಕೇಳುವ ಹಾಗೆ. ನನಗೂ ಕಣ್ಣು ತುಂಬಿ ಏನೂ ಕಾಣದಾಯಿತು. ಮಷೀನು ಮತ್ತೆ ಶುರುವಾಯಿತು, ತಗಡಿನಿಂದ ಕಿಡಿ ಹಾರಿತು. ಕೊಯ್ಯುವಾಗ ತಗಡು ಅಲುಗಾಡುತ್ತಿತ್ತು, ಅಲುಗಿದರೆ ಗೆರೆ ಕೆಡುತ್ತದೆ. ನಾನು ಹೋಗಿ ಎರಡೂ ಕೈಯಿಂದ ಅದನ್ನು ಅಲುಗದ ಹಾಗೆ ಹಿಡಿದುಕೊಂಡೆ.